ಡಾಕ್ಟರು ಪಾಲಿಕೆ ಚುನಾವಣೆಗೆ ನಿಂತರೆ ನರ್ಸಿಂಗ್ ಹೋಂ ಗತಿ ಏನು?

ಪ್ರಶ್ನೆ: ದಾವಣಗೆರೆಯಲ್ಲಿ 14 ವರ್ಷದಿಂದ ಫಿಜಿಷಿಯನ್ ಆಗಿದ್ದೇನೆ. ಪತ್ನಿ ಹೆರಿಗೆ ತಜ್ಞೆ. ಇಬ್ಬರೂ ಸೇರಿ 12 ಹಾಸಿಗೆಯ ನರ್ಸಿಂಗ್ ಹೋಂ ನಡೆಸುತ್ತೇವೆ. ಸ್ಕ್ಯಾನಿಂಗ್, ಸಣ್ಣ ಲ್ಯಾಬು, ಮೆಡಿಕಲ್ ಶಾಪ್ ಇವೆ. ಪಾಲಿಕೆ ಚುನಾವಣೆಗೆ ನಿಲ್ಲಿ ಎಂದು ಒಂದು ಪಕ್ಷದವರು ಎರಡು ಸಲ ಮನೆಗೆ ಬಂದು ಹೋದರು. ‘ನಿಮ್ಮ ಪೇಷಂಟುಗಳ ಓಟೇ ಸಾಕು, ಗೆದ್ದಂಗೆ’ ಅನ್ನುತ್ತಾರೆ. ನನಗೂ ಒಂದು ಆಸೆ ಇದೆ. ಪ್ರತಿ ಮಳೆಗಾಲ ಅದೇ ಎರಡು ಓಣಿಗಳಿಂದ ವಾಂತಿ-ಭೇದಿ, ಟೈಫಾಯ್ಡ್ ಬರುತ್ತವೆ. ಅದೇ ಔಷಧ ಬರೆದು ಬರೆದು ಸಾಕಾಗಿದೆ. ಆದರೆ ಪತ್ನಿಗೆ ಇದು ಇಷ್ಟವಿಲ್ಲ. ‘ಎದುರು ಪಾರ್ಟಿಯವರು ನಮ್ಮ ಮೆಟ್ಟಿಲು ಹತ್ತಲ್ಲ, ನಾಳೆಯಿಂದ ಆಸ್ಪತ್ರೆ ಮೇಲೆ ಕಂಪ್ಲೇಂಟ್ ಶುರುವಾಗ್ತವೆ’ ಎನ್ನುತ್ತಾಳೆ. ಪ್ರಾಕ್ಟೀಸ್ ಬಿಡಬೇಕಾಗುತ್ತದೆಯೇ? ಉಚಿತ ಶಿಬಿರ ಮಾಡಬಹುದೇ? ಪೇಷಂಟುಗಳ ಮೊಬೈಲಿಗೆ ಮೆಸೇಜ್ ಹಾಕಬಹುದೇ? ಗೆದ್ದರೆ ಆ ಎರಡು ಓಣಿಗಾದರೂ ಏನಾದರೂ ಮಾಡಲು ಆಗುತ್ತದೆಯೇ?

ಉತ್ತರ: ಡಾಕ್ಟರೇ, ಕೊನೆಯ ಪ್ರಶ್ನೆಯೇ ನಿಮ್ಮ ನಿಜವಾದ ಪ್ರಶ್ನೆ. ಅದಕ್ಕೆ ಉತ್ತರ ‘ಆಗುತ್ತದೆ’. ಹೇಗೆ ಎಂಬುದನ್ನು ಕೆಳಗೆ ವಿವರವಾಗಿ ಬರೆದಿದ್ದೇನೆ. ಅದಕ್ಕೂ ಮೊದಲು ಒಂದು ಮಾತು. ನಿಮ್ಮ ಪತ್ನಿಯವರು ಹೇಳಿದ್ದನ್ನು ಹೆದರಿಕೆಯ ಮಾತೆಂದು ಪಕ್ಕಕ್ಕಿಡಬೇಡಿ. ಅವರು ಹೇಳಿದ ಎರಡರಲ್ಲಿ ಮೊದಲನೆಯದು ಅರ್ಧ ನಿಜ, ಎರಡನೆಯದು ಪೂರ್ತಿ ನಿಜ.

ಪ್ರಾಕ್ಟೀಸ್ ಬಿಡಬೇಕೆಂಬುದು ತಪ್ಪು ತಿಳಿವಳಿಕೆ. ದಾವಣಗೆರೆ ಮಹಾನಗರ ಪಾಲಿಕೆ ಇರುವುದು 1976ರ ಕರ್ನಾಟಕ ಮುನಿಸಿಪಲ್ ಕಾರ್ಪೊರೇಷನ್ ಕಾಯಿದೆಯಡಿ. ಹೋಲಿಕೆಗೆ, ಪಕ್ಕದ ಚಿತ್ರದುರ್ಗದ ನಗರಸಭೆ ಇರುವುದು 1964ರ ಮುನಿಸಿಪಾಲಿಟಿ ಕಾಯಿದೆಯಡಿ. ಎರಡೂ ಸರ್ಕಾರದ ಸಂಬಳದ ಹುದ್ದೆಯಲ್ಲಿರುವವರನ್ನು ತಡೆಯುತ್ತವೆಯೇ ಹೊರತು ಸ್ವಂತ ದವಾಖಾನೆ ನಡೆಸುವವರನ್ನಲ್ಲ. ಆದರೆ ವಾರಕ್ಕೆರಡು ದಿನ ಜಿಲ್ಲಾ ಆಸ್ಪತ್ರೆಗೋ ನಗರ ಆರೋಗ್ಯ ಕೇಂದ್ರಕ್ಕೋ ಗುತ್ತಿಗೆ ಅಥವಾ ಗೌರವಧನದ ಮೇಲೆ ಹೋಗುತ್ತಿದ್ದರೆ, ನಾಮಪತ್ರಕ್ಕೆ ಮುಂಚೆಯೇ ಅದನ್ನು ಲಿಖಿತವಾಗಿ ಬಿಟ್ಟು ಬಿಡುಗಡೆ ಪತ್ರ ಕೈಗೆ ತೆಗೆದುಕೊಳ್ಳಿ. ‘ಹೋಗೋದು ನಿಲ್ಲಿಸಿದ್ದೆ’ ಎಂಬ ಬಾಯಿಮಾತು ಪರಿಶೀಲನೆಯ ದಿನ ನಿಲ್ಲುವುದಿಲ್ಲ. ಖಾಸಗಿ ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದರೆ ಕಾನೂನಿನ ತಡೆಯಿಲ್ಲ, ಆಡಳಿತ ಮಂಡಳಿಯ ಒಪ್ಪಿಗೆ ಬೇಕು.

ನಿಜವಾದ ತಡೆ ಬೇರೆ ಕಡೆ ಇದೆ. ಪಾಲಿಕೆಯ ಜೊತೆ ನಿಮಗೆ ನೇರವಾಗಿಯೋ ಬಳಸಿಯೋ ಯಾವುದೇ ಗುತ್ತಿಗೆ, ಹಣದ ವ್ಯವಹಾರ ಇರಬಾರದು. ನರ್ಸಿಂಗ್ ಹೋಂಗಳಿಗೆ ಇದು ಗೊತ್ತಿಲ್ಲದೆಯೇ ಸುತ್ತಿಕೊಳ್ಳುತ್ತದೆ. ಪೌರಕಾರ್ಮಿಕರ ವಾರ್ಷಿಕ ಆರೋಗ್ಯ ತಪಾಸಣೆಯ ಬಿಲ್ಲು ನಿಮ್ಮ ಲ್ಯಾಬಿನಿಂದ ಹೋಗಿದೆಯೇ? ಮೆಡಿಕಲ್ ಶಾಪ್ ಇರುವ ಮಳಿಗೆ ಪಾಲಿಕೆಯದೇ? ತಮ್ಮನ ಹೆಸರಿನಲ್ಲಿ ಪಾಲಿಕೆಗೆ ಬ್ಲೀಚಿಂಗ್ ಪೌಡರ್ ಸರಬರಾಜಾಗುತ್ತಿದೆಯೇ? ಇಂಥದ್ದೇನಾದರೂ ಇದ್ದರೆ ಈಗಲೇ ಬರೆದಿಟ್ಟು ಮುನಿಸಿಪಲ್ ಕಾನೂನು ಬಲ್ಲ ವಕೀಲರಿಗೆ ತೋರಿಸಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ ನೋಂದಣಿ ಪಾಲಿಕೆಯ ಜೊತೆಗಿನ ಒಪ್ಪಂದವಲ್ಲ. ಆದರೂ ಆ ಕಾಗದವನ್ನೂ ಅವರ ಮುಂದಿಡಿ.

ಪೇಷಂಟುಗಳೆಲ್ಲ ಮತದಾರರಲ್ಲ

ಪಕ್ಷದವರು ಹೇಳಿದ ಲೆಕ್ಕವನ್ನು ನೀವೇ ಒಂದು ಸಂಜೆ ಕೂತು ಮಾಡಿ ನೋಡಿ. ದಾವಣಗೆರೆಯಲ್ಲಿ 45 ವಾರ್ಡುಗಳು. 2011ರ ಜನಗಣತಿಯ ಸುಮಾರು 4.35 ಲಕ್ಷ ಜನರನ್ನು ಹಂಚಿದರೆ ವಾರ್ಡಿಗೆ ಹತ್ತಿರಹತ್ತಿರ 9,700 ಜನ. ಚಿತ್ರದುರ್ಗದ 35 ವಾರ್ಡುಗಳಲ್ಲಿ ತಲಾ ನಾಲ್ಕು ಸಾವಿರದ ಆಸುಪಾಸು. ನಿಮ್ಮ ಓಪಿ ಪುಸ್ತಕದ ಕಳೆದ ತಿಂಗಳ ಹಾಳೆಗಳಲ್ಲಿ ಊರಿನ ಕಾಲಂ ನೋಡಿ. ಜಗಳೂರು, ಹರಿಹರ, ಚನ್ನಗಿರಿ, ಹೊನ್ನಾಳಿ, ಹರಪನಹಳ್ಳಿ ಕಡೆಯವರು ಎಷ್ಟು? ನಗರದವರಲ್ಲಿ ನಿಮ್ಮ ವಾರ್ಡಿನವರು ಎಷ್ಟು? ಅವರಲ್ಲಿ ಮತದ ವಯಸ್ಸಿನವರು ಎಷ್ಟು? ಎಣಿಕೆ ಮಾತ್ರ ಮಾಡಿ, ಹೆಸರು ಬೇರೆ ಹಾಳೆಗೆ ಬರೆದುಕೊಳ್ಳಬೇಡಿ. ಹೆಸರಾಂತ ಫಿಜಿಷಿಯನ್ ಆದಷ್ಟೂ ದೂರದ ಪೇಷಂಟುಗಳು ಹೆಚ್ಚು, ಸ್ವಂತ ವಾರ್ಡಿನವರ ಪಾಲು ಕಡಿಮೆ.

ಇನ್ನೊಂದು ಭ್ರಮೆಯೂ ಇದರೊಳಗೇ ಇದೆ. ಜ್ವರ ಬಿಡಿಸಿದವರ ಮೇಲೆ ಜನರಿಗೆ ಇರುವ ವಿಶ್ವಾಸ ಬೇರೆ, ಕಾರ್ಪೊರೇಟರ್ ಹತ್ತಿರ ಅವರು ಬೇಡುವುದು ಬೇರೆ. ಚರಂಡಿ ಕಟ್ಟಿದ ದಿನ ಬೆಳಗ್ಗೆ ಐದೂವರೆಗೆ ಫೋನ್ ಎತ್ತುವವರು ಯಾರು ಎಂದು ಅವರು ನೋಡುತ್ತಾರೆ. ದಾವಣಗೆರೆಯಿಂದ 2024ರಲ್ಲಿ ದಂತವೈದ್ಯೆ ಡಾ. ಪ್ರಭಾ ಮಲ್ಲಿಕಾರ್ಜುನ್ ಲೋಕಸಭೆಗೆ ಗೆದ್ದದ್ದನ್ನು ಪಕ್ಷದವರು ನಿಮಗೂ ಹೇಳಿರಬಹುದು. ಆದರೆ ಲೋಕಸಭೆಯ ಚುನಾವಣೆಗೂ ವಾರ್ಡಿನ ಚುನಾವಣೆಗೂ ಹೋಲಿಕೆಯಿಲ್ಲ. ವಾರ್ಡಿನಲ್ಲಿ ಐವತ್ತು, ನೂರು ಮತದಲ್ಲಿ ಹಣೆಬರಹ ತೀರ್ಮಾನವಾಗುವುದುಂಟು. ಪ್ರತಿ ಮತದ ಹಿಂದೆ ಒಂದು ಮನೆಯ ನಲ್ಲಿ, ಒಂದು ಖಾತೆ, ಒಂದು ಬೀದಿದೀಪ ಇರುತ್ತದೆ.

ಮೀಸಲಾತಿಯನ್ನು ಮರೆಯಬೇಡಿ. ನಗರ ಸ್ಥಳೀಯ ಸಂಸ್ಥೆಗಳಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ, ಮತ್ತು ವಾರ್ಡಿನ ಮೀಸಲಾತಿ ಚುನಾವಣೆಯಿಂದ ಚುನಾವಣೆಗೆ ತಿರುಗುತ್ತದೆ. ನಿಮ್ಮ ವಾರ್ಡು ಮಹಿಳಾ ಮೀಸಲಾದರೆ ಅದೇ ಪಕ್ಷದವರು ಮೂರನೇ ಸಲ ಬಂದು ‘ಹಂಗಾರೆ ಮೇಡಂ ನಿಲ್ಲಲಿ’ ಎನ್ನುತ್ತಾರೆ. ಹೆರಿಗೆ ಡಾಕ್ಟರಿಗೆ ಮಧ್ಯರಾತ್ರಿಯ ಕರೆ ಬಿಡುವಂಥದ್ದಲ್ಲ. ಅವರ ಹೆಸರಿನಲ್ಲಿ ನೀವು ಓಡಾಡುವ ಏರ್ಪಾಡು ಕಾನೂನಿಗೂ ಮರ್ಯಾದೆಗೂ ಸಲ್ಲದು. ಆ ಉತ್ತರವನ್ನು ಇಬ್ಬರೂ ಈಗಲೇ ತೀರ್ಮಾನಿಸಿಕೊಳ್ಳಿ.

ಕಂಪ್ಲೇಂಟ್ ಎಲ್ಲಿಂದ ಬರುತ್ತದೆ

ನಿಮ್ಮ ಪತ್ನಿ ಹೇಳಿದ ಎರಡನೆಯ ಮಾತಿಗೆ ಬರೋಣ. ಹೆಸರು ಓಡಾಡತೊಡಗಿದ ವಾರದಲ್ಲೇ ದೂರು ಬರಬಹುದು. ಬರುವ ದಾರಿ ನಾಲ್ಕೈದೇ, ಎಲ್ಲವೂ ಮೊದಲೇ ಗೊತ್ತಿರುವಂಥವು.

ಮೊದಲನೆಯದು ಸ್ಕ್ಯಾನಿಂಗ್ ಕೋಣೆ. 1994ರ ಪಿಸಿಪಿಎನ್‌ಡಿಟಿ (ಭ್ರೂಣಲಿಂಗ ಪತ್ತೆ ತಡೆ) ಕಾಯಿದೆಯಡಿ ಪ್ರತಿ ಗರ್ಭಿಣಿಯ ಸ್ಕ್ಯಾನಿಗೂ ಫಾರಂ ಎಫ್ ಪೂರ್ತಿ ತುಂಬಿರಬೇಕು, ಹಿಂದಿನ ತಿಂಗಳ ವರದಿ ಮುಂದಿನ ತಿಂಗಳ 5ರೊಳಗೆ ಹೋಗಿರಬೇಕು, ದಾಖಲೆ ಎರಡು ವರ್ಷ ಇರಬೇಕು. ಎಡವಟ್ಟಾಗುವುದು ದೊಡ್ಡ ಅಪರಾಧದಿಂದಲ್ಲ. ಗರ್ಭಿಣಿಯ ಸಹಿ ಬಿಟ್ಟುಹೋದದ್ದು, ವಿಳಾಸದ ಜಾಗದಲ್ಲಿ ಬರೀ ಊರ ಹೆಸರು, ಯಂತ್ರ ಬದಲಿಸಿದಾಗ ತಿಳಿಸದೇ ಇದ್ದದ್ದು, ಐದು ವರ್ಷಕ್ಕೊಮ್ಮೆಯ ನವೀಕರಣ ತಡವಾದದ್ದು, ಇಂಥವೇ. ತಪಾಸಣೆಗೆ ಬಂದವರಿಗೆ ಖಾಲಿ ಕಾಲಂ ಖಾಲಿಯೇ. ಕಳೆದ 24 ತಿಂಗಳ ಫಾರಂಗಳನ್ನು ತೆಗೆದು ನೋಡಿ. ಖಾಲಿ ಇದ್ದದ್ದನ್ನು ಈಗ ಹಿಂದಿನ ತಾರೀಖು ಹಾಕಿ ತುಂಬಬೇಡಿ, ಅದು ಮೊದಲಿನದ್ದಕ್ಕಿಂತ ದೊಡ್ಡ ತಪ್ಪು. ಇನ್ನು ಮುಂದಿನದನ್ನು ಸರಿಮಾಡಿ.

ಎರಡನೆಯದು ಕಸ. ಪಾಲಿಕೆಯ ಕಸದ ಗಾಡಿಯಲ್ಲಿ ನಿಮ್ಮ ಬಾರ್‌ಕೋಡ್ ಇರುವ ಒಂದು ಹಳದಿ ಚೀಲದ ಫೋಟೋ ಸಿಕ್ಕರೆ ಇಡೀ ಪ್ರಚಾರಕ್ಕೆ ಸಾಕು. 2016ರ ಜೀವವೈದ್ಯಕೀಯ ತ್ಯಾಜ್ಯ ನಿಯಮದ ಪ್ರಕಾರ ರಕ್ತ ತಗುಲಿದ ಹತ್ತಿ, ಮಾಸು, ಅವಧಿ ಮೀರಿದ ಔಷಧ ಹಳದಿಗೆ. ಐವಿ ಟ್ಯೂಬು, ಸೂಜಿ ತೆಗೆದ ಸಿರಿಂಜು ಕೆಂಪಿಗೆ. ಸೂಜಿ, ಬ್ಲೇಡು ಚುಚ್ಚಿ ಹೊರಬರದ ಬಿಳಿ ಡಬ್ಬಿಗೆ. ಗಾಜಿನ ಬಾಟಲಿ ನೀಲಿಗೆ. 48 ಗಂಟೆಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ವಾರ್ಷಿಕ ವರದಿ ಜೂನ್ 30ರೊಳಗೆ. ತಪ್ಪು ನಡೆಯುವುದು ಸಾಮಾನ್ಯವಾಗಿ ರಾತ್ರಿ ಪಾಳಿಯಲ್ಲಿ, ಸಾಮಾನ್ಯ ಕಸದ ಬುಟ್ಟಿ ಹೆರಿಗೆ ಕೋಣೆಯ ಪಕ್ಕದಲ್ಲೇ ಇದ್ದಾಗ. ಆ ಬುಟ್ಟಿಯನ್ನು ಅಲ್ಲಿಂದ ಎತ್ತಿಸಿ.

ಮೂರನೆಯದು ಕಟ್ಟಡ. ಪಾರ್ಕಿಂಗ್ ಎಂದು ನಕ್ಷೆಯಲ್ಲಿ ತೋರಿಸಿದ ನೆಲಮಾಳಿಗೆಯಲ್ಲಿ ಲ್ಯಾಬೋ ಮೆಡಿಕಲ್ ಶಾಪೋ ಇದ್ದರೆ, ಅಥವಾ ಕಂದಾಯ ಇನ್ನೂ ವಾಸದ ಮನೆಯ ದರದಲ್ಲೇ ಕಟ್ಟುತ್ತಿದ್ದರೆ, ಎದುರಾಳಿ ಮಾಹಿತಿ ಹಕ್ಕಿನಲ್ಲಿ ನಕ್ಷೆ ತೆಗೆಸುತ್ತಾನೆ. ಆಮೇಲೆ ನೀವೇ ಸದಸ್ಯರಾಗಿ ಅಕ್ರಮ ಕಟ್ಟಡದ ಬಗ್ಗೆ ಸಭೆಯಲ್ಲಿ ಬಾಯಿ ತೆರೆಯಲಾಗದು. ಕೆಪಿಎಂಇ (ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆ) ನೋಂದಣಿ ಪತ್ರ ಮತ್ತು ದರಪಟ್ಟಿ ಎಲ್ಲರಿಗೂ ಕಾಣುವಂತೆ ಇರಲಿ.

ನಾಲ್ಕನೆಯದನ್ನು ಹೆಚ್ಚಿನವರು ಯೋಚಿಸಿಯೇ ಇರುವುದಿಲ್ಲ: ಸರ್ಟಿಫಿಕೇಟ್. ಗೆದ್ದ ಮರುದಿನದಿಂದ ಫಿಟ್‌ನೆಸ್, ವಯಸ್ಸಿನ ದೃಢೀಕರಣ, ರಜೆಯ ಸರ್ಟಿಫಿಕೇಟಿಗೆ ಕಾರ್ಯಕರ್ತರು ಸಾಲು ನಿಲ್ಲುತ್ತಾರೆ. ಅದಕ್ಕಿಂತ ಕಷ್ಟದ್ದು ಜಗಳದ ಕೇಸು. ನಿಮ್ಮ ಕಡೆಯ ಹುಡುಗ, ಎದುರು ಕಡೆಯ ಹುಡುಗ ಇಬ್ಬರೂ ತಲೆ ಒಡೆದುಕೊಂಡು ಒಂದೇ ರಾತ್ರಿ ಬಂದರೆ, ನೀವು ಬರೆದ ವೂಂಡ್ ಸರ್ಟಿಫಿಕೇಟ್ ಯಾವುದೇ ಇರಲಿ, ಕೋರ್ಟಿನಲ್ಲಿ ಅದನ್ನು ರಾಜಕೀಯವೆಂದೇ ಹಿಂಜುತ್ತಾರೆ. ವೈದ್ಯರ ನಡತೆಯ 2002ರ ನಿಯಮಾವಳಿಯಲ್ಲಿ ಸುಳ್ಳು ಸರ್ಟಿಫಿಕೇಟಿಗೆ ರಿಜಿಸ್ಟರಿನಿಂದ ಹೆಸರು ತೆಗೆಯುವ ಶಿಕ್ಷೆಯಿದೆ. ಪ್ರಥಮ ಚಿಕಿತ್ಸೆ ಯಾರಿಗೂ ನಿರಾಕರಿಸಬೇಡಿ, ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಗಾಯದ ಕೇಸು) ಮಾಹಿತಿ ಠಾಣೆಗೆ ಕೊಡಿ, ಆದರೆ ಗಾಯದ ಪರೀಕ್ಷೆ, ಸರ್ಟಿಫಿಕೇಟಿಗೆ ಸರ್ಕಾರಿ ಆಸ್ಪತ್ರೆಗೇ ಕಳಿಸುವ ಪದ್ಧತಿಯನ್ನು ಚುನಾವಣೆಗೆ ಮುಂಚೆಯೇ ಶುರುಮಾಡಿ. ಗೆದ್ದ ಮೇಲೆ ಶುರುಮಾಡಿದರೆ ನಿಮ್ಮವರೇ ಮುನಿಸಿಕೊಳ್ಳುತ್ತಾರೆ.

ಎದುರು ಪಕ್ಷದ ಪೇಷಂಟುಗಳು ಬರುವುದಿಲ್ಲವೆಂಬ ಮಾತು ಅರ್ಧ ನಿಜ ಎಂದೆ. ಕಾಯಿಲೆ ಬಿದ್ದವರು ಬರುತ್ತಾರೆ. ಬರದೇ ಹೋಗುವವರು ಬಿಪಿ, ಶುಗರ್ ತೋರಿಸಲು ತಿಂಗಳಿಗೊಮ್ಮೆ ಬರುವವರು. ಅವರಿಗೆ ಪಕ್ಕದ ರಸ್ತೆಯಲ್ಲಿ ಇನ್ನೊಬ್ಬ ಡಾಕ್ಟರು ಸಿಗುತ್ತಾರೆ. ಫಿಜಿಷಿಯನ್‌ರ ಆದಾಯ ನಿಂತಿರುವುದೇ ಈ ಮರುಭೇಟಿಗಳ ಮೇಲೆ. ಹೆರಿಗೆ ವಿಭಾಗಕ್ಕೆ ಈ ಪೆಟ್ಟು ಅಷ್ಟು ತಟ್ಟುವುದಿಲ್ಲ.

ಶಿಬಿರ, ಮೆಸೇಜ್, ಓಪಿ ಬೋರ್ಡು

ಉಚಿತ ಶಿಬಿರ ಸೇವೆಯೋ ಲಂಚವೋ ಎಂಬುದನ್ನು ನಿರ್ಧರಿಸುವುದು ಕಾಲ ಮತ್ತು ಬ್ಯಾನರ್. ನೀತಿ ಸಂಹಿತೆ ಜಾರಿಯಾದ ಮೇಲೆ ಅಭ್ಯರ್ಥಿ ಅಥವಾ ಅವರ ಕಡೆಯವರು ಉಚಿತ ತಪಾಸಣೆ, ಮಾತ್ರೆ, ಕನ್ನಡಕ ಹಂಚಿದರೆ ಅದು ಮತಕ್ಕಾಗಿ ಕೊಟ್ಟ ಆಮಿಷವೆನಿಸಬಹುದು. ಭಾರತೀಯ ನ್ಯಾಯ ಸಂಹಿತೆಯ 170 ಮತ್ತು 173ನೇ ಕಲಮುಗಳು ಇದಕ್ಕೆ ಅನ್ವಯಿಸುತ್ತವೆ. ಗೆದ್ದವರ ಆಯ್ಕೆಯನ್ನೇ ಜಿಲ್ಲಾ ನ್ಯಾಯಾಲಯದಲ್ಲಿ ಪ್ರಶ್ನಿಸಲೂ ಇದು ಆಧಾರ. ವರ್ಷಗಳಿಂದ ವಾರಕ್ಕೊಂದು ದಿನ ಬಡವರನ್ನು ಉಚಿತವಾಗಿ ನೋಡುತ್ತಿದ್ದರೆ ಆ ದಿನವನ್ನು ರದ್ದುಮಾಡಬೇಕಿಲ್ಲ. ಚುನಾವಣೆ ಮುಗಿಯುವವರೆಗೆ ಇನ್ನೊಬ್ಬ ವೈದ್ಯರಿಗೆ ವಹಿಸಿ, ನೀವು ಆ ಕೋಣೆಯಲ್ಲಿ ಇರಬೇಡಿ. ಹಳೆಯ ಓಪಿ ಪುಸ್ತಕ ಜೋಪಾನವಾಗಿರಲಿ, ಪದ್ಧತಿ ಹಳೆಯದು ಎಂದು ತೋರಿಸಲು ಅದೊಂದೇ ಸಾಕ್ಷಿ. ಎಂದಿನ ಫೀಸನ್ನು ಹೆಚ್ಚೂ ಮಾಡಬೇಡಿ, ಕಡಿಮೆಯೂ ಮಾಡಬೇಡಿ.

ಪೇಷಂಟುಗಳ ನಂಬರಿಗೆ ಮೆಸೇಜ್ ಹಾಕುವುದು ಬೇಡವೇ ಬೇಡ. ಆ ನಂಬರು ನಿಮಗೆ ಬಂದದ್ದು ರಿಪೋರ್ಟ್ ತಿಳಿಸಲು. ಮಾನಸಿಕ ಸಮಸ್ಯೆಗೋ ಗುಟ್ಟಿನ ಕಾಯಿಲೆಗೋ ನಿಮ್ಮಲ್ಲಿ ಬಂದವರ ಮೊಬೈಲಿನಲ್ಲಿ ‘ನಿಮ್ಮ ಪ್ರೀತಿಯ ಡಾಕ್ಟರಿಗೆ ಮತ ನೀಡಿ’ ಎಂದು ಬಂದರೆ, ಅದನ್ನು ಮನೆಯವರು ಓದಿದರೆ, ಅವರು ನಿಮ್ಮಲ್ಲಿಗೆ ಬಂದಿದ್ದ ಗುಟ್ಟನ್ನು ನೀವೇ ಬಿಟ್ಟುಕೊಟ್ಟಂತೆ. ವೈದ್ಯವೃತ್ತಿಯ ನಿಯಮ ಇದನ್ನು ಒಪ್ಪುವುದಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯ ಆಶಯವೂ ಅದೇ: ಒಂದು ಕೆಲಸಕ್ಕೆ ಪಡೆದದ್ದನ್ನು ಇನ್ನೊಂದಕ್ಕೆ ಬಳಸಬಾರದು. ರಿಸೆಪ್ಷನ್ ಹುಡುಗಿಯ ಫೋನಿನಲ್ಲಿರುವ ವಾಟ್ಸಾಪ್ ಗುಂಪುಗಳಿಗೂ ಇದೇ ಮಾತು. ಪ್ರಚಾರಕ್ಕೆ ಬೇಕಾದ ಹೆಸರುಗಳು ಮತದಾರರ ಪಟ್ಟಿಯಲ್ಲಿವೆ.

ಚೀಟಿಯ ಮೇಲೆ ಚಿಹ್ನೆ, ಗೋಡೆಯ ಮೇಲೆ ಪಕ್ಷದ ಕ್ಯಾಲೆಂಡರ್, ಆಂಬುಲೆನ್ಸಿಗೆ ಸ್ಟಿಕ್ಕರ್ ಯಾವುದೂ ಬೇಡ. ನರ್ಸ್, ಕಾಂಪೌಂಡರನ್ನು ಡ್ಯೂಟಿಯ ಹೊತ್ತಿನಲ್ಲಿ ಕರಪತ್ರ ಹಂಚಲು ಕಳಿಸಿದರೆ ಅವರ ಸಂಬಳವೂ ಚುನಾವಣಾ ಖರ್ಚಿನ ಲೆಕ್ಕಕ್ಕೆ ಬರುವ ವಾದ ಹುಟ್ಟುತ್ತದೆ. ಪರೀಕ್ಷೆಯ ಮಂಚದ ಮೇಲೆ ಕೂತವರು ತಾವಾಗಿ ‘ನಮ್ಮ ಓಟು ನಿಮಗೇ ರೀ ಡಾಕ್ಟ್ರೇ’ ಅಂದರೆ, ‘ಇಲ್ಲಿ ಜ್ವರದ ಮಾತಷ್ಟೇ, ಆ ಮಾತಿಗೆ ನಾನೇ ನಿಮ್ಮ ಮನಿ ಹತ್ರ ಬರ್ತೀನಿ’ ಎಂದು ಹೇಳಿ ಬಿಪಿ ಪಟ್ಟಿ ಕಟ್ಟಿ. ಕಾಯಿಲೆಯಲ್ಲಿರುವ ಮನುಷ್ಯ ಡಾಕ್ಟರ ಎದುರು ‘ಇಲ್ಲ’ ಎನ್ನಲಾರ. ಆ ಸ್ಥಿತಿಯಲ್ಲಿ ಪಡೆದ ಮಾತಿಗೆ ಬೆಲೆಯೂ ಇಲ್ಲ.

ನಾಮಪತ್ರದ ಮುಂಚಿನ ಕಾಗದಗಳು

ಮತದಾರರ ಪಟ್ಟಿಯಲ್ಲಿ ನಿಮ್ಮ ಹೆಸರು ಪಾಲಿಕೆಯ ಯಾವುದಾದರೂ ವಾರ್ಡಿನಲ್ಲಿ ಇರಬೇಕು. ಸೂಚಕರು ನೀವು ನಿಲ್ಲುವ ವಾರ್ಡಿನವರೇ ಆಗಿರಬೇಕು. ಮನೆ ಬದಲಿಸಿದ್ದರೆ ಫಾರಂ 8 ಈಗಲೇ ಕೊಡಿ. ಪಾಲಿಕೆಗೆ ಬಾಕಿ ಇರಬಾರದು: ಮನೆ ಕಂದಾಯ, ನೀರಿನ ಕರ, ಒಳಚರಂಡಿ ಶುಲ್ಕ, ಟ್ರೇಡ್ ಲೈಸೆನ್ಸ್ ಯಾವುದೂ. ಬಹಳ ಜನ ಎಡವುವುದು ಮರೆತುಹೋದ ಖಾಲಿ ಸೈಟಿನಲ್ಲಿ. ಸೈಟು ಕೊಂಡಾಗಿನಿಂದ ಖಾತೆ ಹಳೆಯ ಮಾಲೀಕರ ಹೆಸರಿನಲ್ಲೇ ಇರುತ್ತದೆ, ಕಂದಾಯ ಕಟ್ಟಿರುವುದಿಲ್ಲ. ಎಲ್ಲದಕ್ಕೂ ಬೇಬಾಕಿ ಪತ್ರ ತೆಗೆದಿಟ್ಟುಕೊಳ್ಳಿ.

ಆಸ್ತಿಯ ಪ್ರಮಾಣಪತ್ರವನ್ನು ಕಾರ್ಯಕರ್ತರ ಕೈಯಲ್ಲಿ ತುಂಬಿಸಬೇಡಿ, ನಿಮ್ಮ ಲೆಕ್ಕಪರಿಶೋಧಕರ ಜೊತೆ ಕೂತು ತುಂಬಿ. ಪತ್ನಿಯ ಚಿನ್ನ, ನರ್ಸಿಂಗ್ ಹೋಂನ ಪಾಲುದಾರಿಕೆ, ಸ್ಕ್ಯಾನಿಂಗ್ ಯಂತ್ರದ ಸಾಲ, ಊರಿನ ಜಂಟಿ ಜಮೀನು ಎಲ್ಲವೂ ಬರಬೇಕು. ಆಸ್ತಿ ವಿವರ ಸರಿಯಾಗಿ ಕೊಡಲಿಲ್ಲವೆಂಬ ಕಾರಣಕ್ಕೆ 2021ರಲ್ಲಿ ಮೈಸೂರಿನ ಮೇಯರ್ ಒಬ್ಬರ ಸದಸ್ಯತ್ವವೇ ಹೋಯಿತು. ಗೆದ್ದ ಮೇಲೂ ಒಂದು ತಿಂಗಳೊಳಗೆ, ಆಮೇಲೆ ಪ್ರತಿ ವರ್ಷ ಆಸ್ತಿ ಘೋಷಣೆ ಸಲ್ಲಿಸಬೇಕು. ಚಿಕಿತ್ಸೆಯ ನಿರ್ಲಕ್ಷ್ಯದ ಬಗ್ಗೆ ಪೊಲೀಸ್ ಕೇಸಿದ್ದರೆ ಬರೆಯಲೇಬೇಕು. ಗ್ರಾಹಕ ಆಯೋಗದ ದೂರು ಕ್ರಿಮಿನಲ್ ಅಲ್ಲ. ಪ್ರಚಾರದ ಖರ್ಚಿಗೆ ಬೇರೆಯೇ ಬ್ಯಾಂಕ್ ಖಾತೆ ತೆರೆಯಿರಿ, ಆಸ್ಪತ್ರೆಯ ಗಲ್ಲಾದಿಂದ ಒಂದು ರೂಪಾಯಿಯೂ ಹೊರಡದಿರಲಿ.

ಆ ಎರಡು ಓಣಿಗಳು

ಈಗ ನಿಮಗೆ ನಿಜವಾಗಿ ಬೇಕಾದ ವಿಷಯ. ಅದೇ ಓಣಿಯಿಂದ ಪ್ರತಿ ವರ್ಷ ಟೈಫಾಯ್ಡ್, ಭೇದಿ ಬರುತ್ತಿದ್ದರೆ ಮೊದಲ ಅನುಮಾನ ಕೊಳವೆಯ ಮೇಲೆ. ದಾವಣಗೆರೆಗೆ ತುಂಗಭದ್ರೆಯಿಂದಲೂ, ಭದ್ರಾ ನಾಲೆಯಿಂದ ತುಂಬುವ ಕುಂದವಾಡ ಕೆರೆ, ಟಿವಿ ಸ್ಟೇಷನ್ ಕೆರೆಗಳಿಂದಲೂ ನೀರು ಬರುತ್ತದೆ. ಶುದ್ಧೀಕರಣ ಘಟಕದಲ್ಲಿ ಸರಿಯಿದ್ದ ನೀರು ನಲ್ಲಿಗೆ ಬರುವಷ್ಟರಲ್ಲಿ ಕೆಡುವುದಕ್ಕೆ ಕಾರಣ ಬಿಟ್ಟು ಬಿಟ್ಟು ನೀರು ಬಿಡುವ ಪದ್ಧತಿ. ನೀರು ನಿಂತ ಹೊತ್ತಿನಲ್ಲಿ ಕೊಳವೆ ಖಾಲಿಯಾಗಿ ಒಳಗೆ ಒತ್ತಡ ಇಳಿಯುತ್ತದೆ. ತುಕ್ಕು ಹಿಡಿದ ಮನೆ ಸಂಪರ್ಕದ ಪೈಪು ಚರಂಡಿಯೊಳಗೇ ಹಾದುಹೋಗಿದ್ದರೆ ಕೊಚ್ಚೆ ಒಳಕ್ಕೆ ಎಳೆಯಲ್ಪಡುತ್ತದೆ. ಒತ್ತಡ ಸಾಲದೆಂದು ರಸ್ತೆಮಟ್ಟಕ್ಕಿಂತ ಕೆಳಗೆ ಗುಂಡಿ ತೋಡಿ ನಲ್ಲಿ ಇಟ್ಟುಕೊಂಡ ಮನೆಗಳಿದ್ದರೆ ಇನ್ನೂ ಅಪಾಯ, ಮಳೆಗಾಲದಲ್ಲಿ ಆ ಗುಂಡಿಯ ನೀರೇ ಹಿಂದಕ್ಕೆ ಹೋಗುತ್ತದೆ. ಒಬ್ಬರು ನಲ್ಲಿಗೆ ಮೋಟಾರು ಹಚ್ಚಿದರೆ ಉಳಿದವರ ಪೈಪಿನಲ್ಲಿ ಹೀರುವಿಕೆ ಹೆಚ್ಚುತ್ತದೆ.

ಇದನ್ನು ಪತ್ತೆ ಮಾಡಲು ಒಂದು ಕ್ಲೋರೋಸ್ಕೋಪ್ (ನೀರಿನ ಕ್ಲೋರಿನ್ ಅಳೆಯುವ ಸಣ್ಣ ಸಲಕರಣೆ) ಸಾಕು. ವಾಲ್ವ್‌ಮನ್ ಯಾವ ಹೊತ್ತಿಗೆ ಆ ಓಣಿಗೆ ನೀರು ಬಿಡುತ್ತಾರೆ ಎಂದು ಕೇಳಿಕೊಂಡು ಮೂರು ಕಡೆ ಪರೀಕ್ಷಿಸಿ: ಟ್ಯಾಂಕಿನ ಹತ್ತಿರದ ಮನೆ, ಓಣಿಯ ಬಾಯಿ, ಓಣಿಯ ಕಟ್ಟಕಡೆಯ ಮನೆ. ಕ್ಲೋರೋಸ್ಕೋಪಿನ ಕೊಳವೆಯ ಗುರುತಿನವರೆಗೆ ನೀರು ತುಂಬಿ ಆರ್ಥೋಟಾಲಿಡಿನ್ ದ್ರಾವಣ ಹನಿಸಿ, ಹತ್ತು ಸೆಕೆಂಡಿನೊಳಗೆ ಹಳದಿ ಬಣ್ಣವನ್ನು ಹೋಲಿಸಿ ನೋಡಬೇಕು. ತಡಮಾಡಿದರೆ ಬೇರೆ ರೂಪದ ಕ್ಲೋರಿನ್ನೂ ಸೇರಿ ಸುಳ್ಳು ಸಮಾಧಾನ ಸಿಗುತ್ತದೆ. ಕೊನೆಯ ನಲ್ಲಿಯಲ್ಲಿ ಕನಿಷ್ಠ 0.2 ಮಿಲಿಗ್ರಾಂ/ಲೀಟರ್ ಕ್ಲೋರಿನ್ ಇರಬೇಕು. ನೀರು ಬಿಟ್ಟ ಮೊದಲ ಹತ್ತು ನಿಮಿಷದಲ್ಲಿ ಒಂದು, ಅರ್ಧ ಗಂಟೆಯ ಮೇಲೆ ಇನ್ನೊಂದು ಮಾದರಿ ತೆಗೆಯಿರಿ. ಟ್ಯಾಂಕಿನ ಬಳಿ ಸರಿಯಿದ್ದು ಓಣಿಯ ಕೊನೆಗೆ ಶೂನ್ಯವಾದರೆ ಕಲ್ಮಶ ಸೇರುತ್ತಿರುವುದು ನಡುವೆ. ಮನೆಯಿಂದ ಮನೆಗೆ ಪರೀಕ್ಷಿಸುತ್ತ ಹೋದರೆ ಎಲ್ಲಿ ಬೀಳುತ್ತದೆಂದು ಹತ್ತಿಪ್ಪತ್ತು ಮೀಟರಿನೊಳಗೆ ಹೇಳಬಹುದು. ಜೊತೆಗೆ ಎಚ್2ಎಸ್ ಬಾಟಲಿಯಲ್ಲಿ (ಮಲಿನ ನೀರು ಪತ್ತೆಹಚ್ಚುವ ಪರೀಕ್ಷೆಯ ಬಾಟಲಿ) ನೀರು ತುಂಬಿಟ್ಟು 24ರಿಂದ 48 ಗಂಟೆಯಲ್ಲಿ ಕಪ್ಪಾಗುತ್ತದೆಯೇ ನೋಡಿ.

ಇದೆಲ್ಲ ಯಾಕೆ ಇಷ್ಟು ಬಿಡಿಸಿ ಹೇಳುತ್ತಿದ್ದೇನೆಂದರೆ, 2023ರ ಆಗಸ್ಟ್ ಹೊತ್ತಿಗೆ ಚಿತ್ರದುರ್ಗ ನಗರದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಪ್ರಾಣ ಕಳೆದುಕೊಂಡರು, ಅನೇಕರು ಆಸ್ಪತ್ರೆ ಸೇರಿದರು. ಇಂಥ ಅನಾಹುತದ ಮೊದಲ ಸುಳಿವು ಸಿಗುವುದು ನಿಮ್ಮಂಥವರ ಓಪಿ ಪುಸ್ತಕದಲ್ಲಿ. ಒಂದೇ ಓಣಿಯಿಂದ ಎರಡು ದಿನದಲ್ಲಿ ಮೂರು ನಾಲ್ಕು ಭೇದಿ ಪ್ರಕರಣ ಬಂದರೆ ಆ ದಿನವೇ ರೋಗಗಳ ಮೇಲೆ ಕಣ್ಣಿಡುವ ಜಿಲ್ಲಾ ಸರ್ವೇಕ್ಷಣಾ ಘಟಕಕ್ಕೂ ಪಾಲಿಕೆಯ ಆರೋಗ್ಯಾಧಿಕಾರಿಗೂ ಲಿಖಿತವಾಗಿ ತಿಳಿಸಿ, ಆ ಸಾಲಿಗೆ ನೀರು ನಿಲ್ಲಿಸಿ ಟ್ಯಾಂಕರ್ ಕಳಿಸಲು ಕೇಳಿ. ತುರ್ತಿಗೆ ಮನೆಗಳಲ್ಲಿ ಸಾವಿರ ಲೀಟರ್ ನೀರಿಗೆ ಒಳ್ಳೆಯ ಬ್ಲೀಚಿಂಗ್ ಪೌಡರ್ 2.5 ಗ್ರಾಂ ಕರಗಿಸಿ ತಿಳಿಯನ್ನು ಬೆರೆಸಿ, ಅರ್ಧ ಗಂಟೆ ಬಿಟ್ಟು ಬಳಸಲಿ. ಪ್ಯಾಕೆಟ್ ಒಡೆದು ಗಾಳಿಗಿಟ್ಟ ಪೌಡರಿನಲ್ಲಿ ಕ್ಲೋರಿನ್ ಉಳಿದಿರುವುದಿಲ್ಲ, ಅದನ್ನು ಎಷ್ಟು ಹಾಕಿದರೂ ಅಷ್ಟೇ.

ಡೆಂಗಿಯ ಬೇರೂ ಇದೇ ವಾಲ್ವಿನಲ್ಲಿದೆ. ವಾರಕ್ಕೊಮ್ಮೆ ನೀರು ಬರುವ ಮನೆಯಲ್ಲಿ ಡ್ರಮ್ಮು, ಸಿಂಟೆಕ್ಸ್, ಹಂಡೆ ತುಂಬಿಯೇ ಇರುತ್ತವೆ. ಈಡಿಸ್ ಸೊಳ್ಳೆ ಮೊಟ್ಟೆಯಿಂದ ಹಾರುವ ಹಂತಕ್ಕೆ ಬರಲು ಒಂದು ವಾರ, ಹತ್ತು ದಿನ ಸಾಕು. ಹೊಗೆ ಹೊಡೆಸಿದರೆ ಜನಕ್ಕೆ ಖುಷಿ, ಲಾರ್ವಾಗೆ ಏನೂ ಆಗುವುದಿಲ್ಲ. ನೀರು ಬಿಡುವ ಅಂತರ ಕಡಿಮೆಯಾದರೆ ಡ್ರಮ್ಮುಗಳು ತಾವಾಗಿ ಕಡಿಮೆಯಾಗುತ್ತವೆ.

ದುರಸ್ತಿಗೆ ದಾರಿ ಹೀಗೆ. ಶಾಸಕರಿಗಿರುವಂಥ ಸ್ವಂತ ಪ್ರದೇಶಾಭಿವೃದ್ಧಿ ನಿಧಿ ಪಾಲಿಕೆ ಸದಸ್ಯರಿಗೆ ಇಲ್ಲ. ಪರೀಕ್ಷೆಯ ದಿನಾಂಕ, ಮನೆ ನಂಬರು, ಅಂಕಿ ಇರುವ ಒಂದು ಹಾಳೆಯನ್ನು ಪಾಲಿಕೆಯ ಜೆಇಗೆ (ಕಿರಿಯ ಎಂಜಿನಿಯರ್) ಕೊಟ್ಟು ಸ್ಥಳ ತೋರಿಸಿ, ಅಂದಾಜುಪಟ್ಟಿ ಮಾಡಿಸಬೇಕು. ಅದು ಕ್ರಿಯಾ ಯೋಜನೆಗೆ ಸೇರಬೇಕು, ತಾಂತ್ರಿಕ ಮಂಜೂರಾತಿ, ಟೆಂಡರ್, ಕಾರ್ಯಾದೇಶ ಆಗಬೇಕು. ಕಡತ ನಿಲ್ಲುವುದು ಸಾಮಾನ್ಯವಾಗಿ ‘ಯಾವ ಲೆಕ್ಕಶೀರ್ಷಿಕೆ’ ಎಂಬಲ್ಲಿ. ನಗರ ಸಂಸ್ಥೆಗಳು ನಿಧಿಯಲ್ಲಿ ಶೇ. 24.10ನ್ನು ಪರಿಶಿಷ್ಟ ಜಾತಿ, ಪಂಗಡಗಳಿಗೆ, ಶೇ. 7.25ನ್ನು ಇತರ ಬಡವರಿಗೆ ಮೀಸಲಿಡಬೇಕು. ಆ ಓಣಿಗಳು ಅಂಥ ಕಾಲೊನಿಯಲ್ಲಿದ್ದರೆ ಪೈಪು ಬದಲಾವಣೆಗೆ ಹಣದ ಬಾಗಿಲು ಅಲ್ಲೇ ಇದೆ. ಜಲಸಿರಿ ಯೋಜನೆಯ ಹೊಸ ಕೊಳವೆ ಬಂದಿದ್ದರೆ ಹಳೆಯ ಸಾಲನ್ನು ನಿಜವಾಗಿ ಕತ್ತರಿಸಿದ್ದಾರೆಯೇ ಎಂದು ಕೇಳಿ. ಎರಡೂ ಜೀವಂತವಿದ್ದರೆ ಹೊಸ ನಲ್ಲಿಯ ಪಕ್ಕದಲ್ಲೇ ಹಳೆಯ ಕಾಯಿಲೆ ಮುಂದುವರಿಯುತ್ತದೆ.

ಗಮನಿಸಿ ಡಾಕ್ಟರೇ, ಮೇಲಿನದರಲ್ಲಿ ಅಂದಾಜುಪಟ್ಟಿಯವರೆಗಿನ ಕೆಲಸಕ್ಕೆ ಸದಸ್ಯತ್ವವೇ ಬೇಕಿಲ್ಲ. ಕ್ರಿಯಾ ಯೋಜನೆಗೆ ಸೇರಿಸುವ ಹಂತದಲ್ಲಿ ಸದಸ್ಯರ ಕೈ ಬೇಕು. ಅಲ್ಲಿ ಕೂತ ವೈದ್ಯರು ಏನು ಮಾಡಬಲ್ಲರು ಎಂಬುದಕ್ಕೆ ಬರ್ಲಿನ್ನಿನ ರುಡಾಲ್ಫ್ ವಿರ್ಚೋ ಇದ್ದಾರೆ. 1859ರಲ್ಲಿ ಆ ನಗರದ ಸಭೆಗೆ ಆಯ್ಕೆಯಾಗಿ ಒಳಚರಂಡಿಗೆ ವರ್ಷಗಟ್ಟಲೆ ದುಡಿದವರು. ನಮ್ಮಲ್ಲಿ ಡಾ. ಬಿ.ಸಿ. ರಾಯ್ ಪಶ್ಚಿಮ ಬಂಗಾಳದ ಮುಖ್ಯಮಂತ್ರಿಯಾಗುವ ಎಷ್ಟೋ ಮೊದಲೇ ಕಲ್ಕತ್ತೆಯ ಮೇಯರ್ ಆಗಿದ್ದರು.

ನಿಮ್ಮ ಮುಂದಿರುವ ದಾರಿಗಳು

ಪಕ್ಷದ ಟಿಕೆಟ್ಟಿನಲ್ಲಿ ನಿಂತರೆ ಬೂತಿನಲ್ಲಿ ಜನ ಸಿಗುತ್ತಾರೆ, ಆಮೇಲೆ ಆರೋಗ್ಯ, ಶಿಕ್ಷಣ ಮತ್ತು ಸಾಮಾಜಿಕ ನ್ಯಾಯ ಸ್ಥಾಯಿ ಸಮಿತಿಗೆ ಹೋಗುವ ಅವಕಾಶವಿದೆ. ನಿಮಗೆ ಸಲ್ಲುವ ಜಾಗ ಅದೇ. ಬೆಲೆಯೆಂದರೆ ವಿಪ್. 1987ರ ಸ್ಥಳೀಯ ಸಂಸ್ಥೆಗಳ ಪಕ್ಷಾಂತರ ನಿಷೇಧ ಕಾಯಿದೆಯಂತೆ ಪಕ್ಷದ ಸೂಚನೆಗೆ ವಿರುದ್ಧ ಮತ ಹಾಕಿದರೆ ಸದಸ್ಯತ್ವ ಹೋಗಬಹುದು. ಮೇಯರ್ ಚುನಾವಣೆಯ ಹೊತ್ತಿಗೆ ನಿಮ್ಮನ್ನು ನಾಲ್ಕೈದು ದಿನ ರೆಸಾರ್ಟಿಗೆ ಕರೆದೊಯ್ದರೆ ನರ್ಸಿಂಗ್ ಹೋಂನಲ್ಲಿ ಮಲಗಿರುವ ನಿಮ್ಮ ಪೇಷಂಟುಗಳನ್ನು ಯಾರು ನೋಡುತ್ತಾರೆ ಎಂದು ಮೊದಲೇ ಕೇಳಿಕೊಳ್ಳಿ.

ಪಕ್ಷೇತರರಾಗಿ ನಿಂತರೆ ಕ್ಲಿನಿಕ್ಕಿಗೆ ಪಕ್ಷದ ಬಣ್ಣ ಅಂಟುವುದಿಲ್ಲ. 2019ರ ನವೆಂಬರ್ 12ರ ಚುನಾವಣೆಯಲ್ಲಿ ದಾವಣಗೆರೆಯ 45ರಲ್ಲಿ ಕಾಂಗ್ರೆಸ್ 22, ಬಿಜೆಪಿ 17, ಪಕ್ಷೇತರರು 5, ಜೆಡಿಎಸ್ 1 ಗೆದ್ದವು. ಹೆಚ್ಚು ಸ್ಥಾನ ಕಾಂಗ್ರೆಸ್ಸಿನದಾದರೂ 2020ರ ಫೆಬ್ರವರಿಯಲ್ಲಿ ಮೇಯರ್ ಸ್ಥಾನ ಬಿಜೆಪಿಗೆ ಹೋಯಿತು, ಏಕೆಂದರೆ ಸಂಸದರು, ಶಾಸಕರು, ಪರಿಷತ್ ಸದಸ್ಯರಿಗೂ ಅಲ್ಲಿ ಮತವಿದೆ. ಇಂಥ ಸಮಬಲದ ಸಭೆಯಲ್ಲಿ ಪಕ್ಷೇತರರ ಮಾತು ನಡೆಯುತ್ತದೆ. ಒಂದು ಪಕ್ಷಕ್ಕೆ ಭಾರಿ ಬಹುಮತ ಬಂದ ಸಭೆಯಲ್ಲಿ ನಡೆಯುವುದಿಲ್ಲ. ಗೆದ್ದ ಮೇಲೆ ಪಕ್ಷ ಸೇರಿದರೆ ಅನರ್ಹತೆಯ ಕತ್ತಿ ಇದೆ.

ಮೂರನೆಯ ದಾರಿ ನಾಮನಿರ್ದೇಶನ. ಸರ್ಕಾರ ಪಾಲಿಕೆಗೆ ಐವರವರೆಗೆ ನೇಮಿಸಬಹುದು. ಕಾಯಿದೆಯಲ್ಲಿ ಅದಕ್ಕೆ ಹೇಳಿರುವ ಅರ್ಹತೆಗಳಲ್ಲಿ ಆರೋಗ್ಯ ಕ್ಷೇತ್ರದ ಅನುಭವವೂ ಒಂದು. ಮತದ ಹಕ್ಕಿಲ್ಲ, ಸರ್ಕಾರ ಬದಲಾದರೆ ಹುದ್ದೆಯೂ ಹೋಗುತ್ತದೆ. ಆದರೆ ಸಭೆಯಲ್ಲಿ ಮಾತಾಡಬಹುದು, ಕಡತ ಕೇಳಬಹುದು. ನಾಲ್ಕನೆಯದು ವಾರ್ಡ್ ಸಮಿತಿ. ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನರಿರುವ ನಗರದಲ್ಲಿ ಸಂವಿಧಾನವೇ ಅದನ್ನು ಹೇಳಿದೆ. ದಾವಣಗೆರೆ ಅದರೊಳಗೆ ಬರುತ್ತದೆ, ಚಿತ್ರದುರ್ಗ ಬರುವುದಿಲ್ಲ.

ನನ್ನ ಅಭಿಪ್ರಾಯ ಇದು. ಒಂದು ಮಳೆಗಾಲ ಆ ಎರಡು ಓಣಿಗಳಲ್ಲಿ ಕ್ಲೋರಿನ್ ಪರೀಕ್ಷೆ ಮಾಡಿ, ಹಾಳೆ ಕೊಟ್ಟು, ಅಂದಾಜುಪಟ್ಟಿ ಮಾಡಿಸಿ ನೋಡಿ. ಆ ಕೆಲಸದ ಓಡಾಟ, ಕಚೇರಿಯ ಕಾಯುವಿಕೆ ನಿಮಗೆ ಸಹಿಸಲಾದರೆ ಮಾತ್ರ ನಿಲ್ಲಿ. ನಿಲ್ಲುವುದಾದರೆ ಆರು ತಿಂಗಳು ಮುಂಚೆ ಒಬ್ಬ ಕಿರಿಯ ಫಿಜಿಷಿಯನ್‌ರನ್ನು ಸೇರಿಸಿಕೊಂಡು ಮರುಭೇಟಿಯವರನ್ನು ಅವರಿಗೆ ಪರಿಚಯಿಸಿ, ಕೆಪಿಎಂಇ ದಾಖಲೆಯಲ್ಲಿ ಅವರ ಹೆಸರು ಸೇರಿಸಿ. ಬೆಳಗ್ಗೆ ಐದೂವರೆಯಿಂದ ಎಂಟೂವರೆ ವಾರ್ಡಿಗೆ, ಹತ್ತರಿಂದ ಎರಡು ಓಪಿಗೆ, ಸಂಜೆಯ ಓಪಿ ಅರ್ಧಕ್ಕಿಳಿಯುತ್ತದೆ ಎಂದು ಲೆಕ್ಕ ಹಾಕಿ. ಆ ಅರ್ಧ ಆದಾಯದಲ್ಲಿ ಯಂತ್ರದ ಕಂತು, ಸಿಬ್ಬಂದಿಯ ಸಂಬಳ ನಡೆಯುತ್ತದೆಯೇ ಎಂದು ಪುಸ್ತಕ ತೆಗೆದು ನೋಡಿ. ವಾರ್ಡಿನ ಕೆಲಸಕ್ಕೆ ಬೇರೆ ಸಿಮ್ ಇರಲಿ, ಅದನ್ನು ಓಪಿಯ ಹೊತ್ತಿನಲ್ಲಿ ಇನ್ನೊಬ್ಬರು ಎತ್ತಲಿ. ನಿಮ್ಮ ಕಟ್ಟಡ, ನಿಮ್ಮ ಲೈಸೆನ್ಸಿನ ವಿಷಯ ಸಭೆಗೆ ಬಂದ ದಿನ ಎದ್ದು ಹೇಳಿ ಹೊರಗೆ ಹೋಗಿ, ಅದನ್ನು ನಡಾವಳಿಯಲ್ಲಿ ಬರೆಸಿ.

ಪಕ್ಷದವರಿಗೆ ಮಾತು ಕೊಡುವ ಮುಂಚೆ ಒಂದು ಭಾನುವಾರ ನೀವಿಬ್ಬರೂ ಕೂತು ಫಾರಂ ಎಫ್ ಕಡತ, ಕಸದ ರಿಜಿಸ್ಟರು, ಕಟ್ಟಡದ ನಕ್ಷೆ, ಕಂದಾಯದ ರಸೀದಿ ನಾಲ್ಕನ್ನೂ ತೆರೆಯಿರಿ. ನೋಡುವವರು ನಿಮ್ಮ ಪತ್ನಿಯಾಗಿರಲಿ, ಸ್ಕ್ಯಾನಿಂಗ್ ಕೋಣೆಯ ಹೊಣೆ ಹೊತ್ತವರು ಅವರೇ. ಅವರು ಒಂದು ಕಡತವನ್ನಾದರೂ ‘ಇದು ಸರಿಯಿಲ್ಲ’ ಎಂದು ಬದಿಗಿಟ್ಟರೆ, ಅದು ಸರಿಯಾಗುವ ತನಕ ಬಿ ಫಾರಂ ಮಾತು ಎತ್ತಬೇಡಿ.